ಲೋಕದ ಸುದ್ದಿಗೆ ಊರಿನ ವೇದಿಕೆ ಬೇಕು

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹೊತ್ತಿಕೊಂಡಿತು. ಮೂರೇ ದಿನದಲ್ಲಿ ಅದು ಕರ್ನಾಟಕದ ವಿಧಾನಸಭಾ ಚುನಾವಣೆಯ ಜಗಳವೂ ಆಯಿತು. ಗಿಡಮೂಲಿಕೆ ಮದ್ದು, ತಲೆಗೂದಲಿನ ಎಣ್ಣೆ ಮಾರಲು ಹೋಗಿದ್ದ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದ ಮೂವತ್ತಕ್ಕೂ ಹೆಚ್ಚು ಮಂದಿ ಎಲ್ ಫಾಶರ್ ಪಟ್ಟಣದಲ್ಲಿ ಸಿಕ್ಕಿಕೊಂಡಿದ್ದರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಎಸ್. ಜೈಶಂಕರ್ ನಡುವೆ ಟ್ವಿಟರ್‌ನಲ್ಲಿ ಬಿಸಿ ಬಿಸಿ ಮಾತು ನಡೆಯಿತು. ‘ಆಪರೇಷನ್ ಕಾವೇರಿ’ ಹೆಸರಿನ ಕಾರ್ಯಾಚರಣೆಯಲ್ಲಿ 3,800ಕ್ಕೂ ಹೆಚ್ಚು ಭಾರತೀಯರು ವಾಪಸಾದರು, ನಮ್ಮವರೂ ಮನೆ ಸೇರಿದರು. ಅಲ್ಲಿಗೆ ಸುಡಾನ್ ನಮ್ಮ ಮಾತಿನಿಂದ ಮರೆಯಾಯಿತು. ಯಾರ್‍ಯಾರ ನಡುವಿನ ಯುದ್ಧ ಅದು, ಅಲ್ಲಿನ ಪೇಟೆಗಳಿಗೆ ನಮ್ಮವರು ಹೋಗುವುದೇಕೆ, ಮುಂದೆಯೂ ಹೋಗಬಹುದೇ ಎಂಬ ಪ್ರಶ್ನೆಗಳು ಉಳಿದೇ ಹೋದವು. 2025ರ ಅಕ್ಟೋಬರ್‌ನಲ್ಲಿ ಅದೇ ಎಲ್ ಫಾಶರ್ ಅರೆಸೇನಾ ಪಡೆಯ ವಶವಾಗಿ ಭೀಕರ ಹತ್ಯಾಕಾಂಡ ನಡೆದಾಗ, ನಮ್ಮ ಜನ ಎರಡೂವರೆ ವರ್ಷದ ಹಿಂದೆ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದ ಊರು ಅದು ಎಂದು ಎಷ್ಟು ಓದುಗರಿಗೆ ನೆನಪಾಗಿರಬಹುದು?

ನೆನಪಾಗದಿದ್ದರೆ ಓದುಗರ ತಪ್ಪೇನಿಲ್ಲ. ಹೊರಜಗತ್ತು ನಮ್ಮ ಬಾಗಿಲಿಗೆ ಬಂದಾಗಲೆಲ್ಲ ಅದು ಸುದ್ದಿಯಾಗಿ ಬರುತ್ತದೆ, ಗದ್ದಲವಾಗಿ ಮುಗಿಯುತ್ತದೆ, ತಿಳಿವಳಿಕೆಯಾಗಿ ಉಳಿಯುವುದಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದಾಗಲೂ ಹೀಗೆಯೇ ಆಯಿತು. ನಮ್ಮ ಹುಡುಗರು ಅಷ್ಟು ದೂರ ಓದಲು ಹೋಗುವುದೇಕೆ ಎಂಬ ಚರ್ಚೆ ಕೆಲವು ವಾರ ಜೋರಾಗಿ ನಡೆದು ತಣ್ಣಗಾಯಿತು. ರಷ್ಯಾ–ಉಕ್ರೇನ್ ತಕರಾರಿನ ಬೇರು ಎಲ್ಲಿದೆ, ಆ ಯುದ್ಧಕ್ಕೂ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯ ದರಕ್ಕೂ ನಂಟೇನು, ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರಕ್ಕಾಗಿ ನಾವು ಯಾವ ಯಾವ ದೇಶಗಳ ಮುಖ ನೋಡಬೇಕು ಎಂಬುದನ್ನು ರಾಣೆಬೆನ್ನೂರಿನಲ್ಲೋ ಹಾವೇರಿಯಲ್ಲೋ ಜನರ ಮುಂದೆ ನಿಂತು ಕನ್ನಡದಲ್ಲಿ ಬಿಡಿಸಿ ಹೇಳುವ ವ್ಯವಸ್ಥೆ ನಮ್ಮಲ್ಲಿಲ್ಲ. ಪತ್ರಿಕೋದ್ಯಮ, ರಾಜಕೀಯ, ವಿದೇಶಾಂಗ ವಿಷಯಗಳ ಸಾರ್ವಜನಿಕ ಉಪನ್ಯಾಸವೆಂದರೆ ಬೆಂಗಳೂರಿನ ಸಭಾಂಗಣದ, ಅದೂ ಬಹುಪಾಲು ಇಂಗ್ಲಿಷಿನ, ಸಂಜೆಯ ಕಾರ್ಯಕ್ರಮ ಎಂದಾಗಿದೆ. ಅದು ಜಿಲ್ಲೆ, ತಾಲ್ಲೂಕುಗಳಿಗೆ ಬರಬೇಕು, ಕನ್ನಡದಲ್ಲಿ ನಡೆಯಬೇಕು, ಕೇಳುಗರ ಪ್ರಶ್ನೆಗೆ ಭಾಷಣದಷ್ಟೇ ಸಮಯ ಕೊಡಬೇಕು. ಇದು ಬುದ್ಧಿಜೀವಿಗಳ ಹವ್ಯಾಸದ ಮಾತಲ್ಲ, ಜೀವನೋಪಾಯದ ಮಾತು.

ಕಾಫಿಯನ್ನೇ ನೋಡಿ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಅದರ ದೊಡ್ಡ ಪಾಲು ಹಡಗು ಹತ್ತುತ್ತದೆ. ಇಟಲಿ, ಜರ್ಮನಿಯಂಥ ಯುರೋಪಿನ ದೇಶಗಳು ಮುಖ್ಯ ಗಿರಾಕಿಗಳು. ಐರೋಪ್ಯ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೊ, ರಬ್ಬರ್, ಸೋಯಾ ಮುಂತಾದ ಸರಕಿಗೆ ಅಲ್ಲಿ ಪ್ರವೇಶವಿಲ್ಲ. ಕಾಫಿ ಬೆಳೆದ ತುಂಡು ಭೂಮಿಯ ಅಕ್ಷಾಂಶ, ರೇಖಾಂಶವನ್ನು ಅಲ್ಲಿನ ಆಮದುದಾರ ದಾಖಲೆ ಸಮೇತ ತೋರಿಸಬೇಕು. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆ, ಮೀರಿದ ತೋಟವಾದರೆ ಸುತ್ತಲಿನ ಗಡಿಯ ನಕ್ಷೆಯೇ ಬೇಕು. ಬೆಳೆ ಸ್ಥಳೀಯ ಕಾನೂನಿಗೆ ಅನುಗುಣವಾಗಿ, ಭೂಮಿಯ ಹಕ್ಕಿನ ನಿಯಮ ಪಾಲಿಸಿ ಬಂದಿರಬೇಕು ಎಂಬ ಷರತ್ತೂ ಇದೆ. ಈ ಕೊನೆಯ ಷರತ್ತಿನ ತೂಕ ಬ್ರಸೆಲ್ಸ್‌ನಲ್ಲಿ ಕುಳಿತವರಿಗಿಂತ ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ತಾತನ ಹೆಸರಿನಲ್ಲೇ ಇರುವ ಜಂಟಿ ಖಾತೆ, ಕೊಡಗಿನ ಜಮ್ಮಾ ಬಾಣೆ, ಸಕ್ರಮಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ಒತ್ತುವರಿ ಜಮೀನು, ಇವುಗಳ ಗತಿಯೇನು? ಮರದ ನೆರಳಿನಲ್ಲೇ ಬೆಳೆಯುವ ನಮ್ಮ ತೋಟ ಉಪಗ್ರಹದ ಚಿತ್ರದಲ್ಲಿ ಕಾಡಿನಂತೆ ಕಂಡರೆ, ಮರ ಸವರಿದ ವರ್ಷ ಅದು ಕಾಡು ಕಡಿದಂತೆ ಕಾಣುವುದೇ? ಕಾನೂನಿನ ಜಾರಿ ಎರಡು ಬಾರಿ ಮುಂದಕ್ಕೆ ಹೋಗಿದೆ. ಆ ಬಿಡುವಿನಲ್ಲಿ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಯುರೋಪಿನ ರಾಜಕೀಯ ಬಲ್ಲವರನ್ನೂ ಕಂದಾಯ ಕಾನೂನು ಬಲ್ಲವರನ್ನೂ ಒಂದೇ ವೇದಿಕೆಗೆ ಕರೆಸಿ ಬೆಳೆಗಾರರ ಎದುರು ಕೂರಿಸಬಹುದು. ತೋಟದ ಅಳತೆಯಿಂದ ಶುರುವಾಗುವ ಪ್ರಶ್ನೆ ಆಗ ಐರೋಪ್ಯ ಒಕ್ಕೂಟ ಕಾನೂನು ಮಾಡುವ ಬಗೆಯವರೆಗೂ ಹೋಗುತ್ತದೆ. ವಿದೇಶಾಂಗ ವಿಷಯ ಅರ್ಥವಾಗುವುದು ಹೀಗೆಯೇ.

ಅಡಿಕೆಯ ಕಥೆಯೂ ಬೇರೆಯಲ್ಲ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ ₹251ರಿಂದ ₹351ಕ್ಕೆ ಏರಿಸಿದಾಗ ಶಿವಮೊಗ್ಗ, ಶಿರಸಿ, ಪುತ್ತೂರಿನ ಬೆಳೆಗಾರರು ನೆಮ್ಮದಿಯ ನಿಟ್ಟುಸಿರುಬಿಟ್ಟರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ಸೆಪ್ಟೆಂಬರ್‌ನಲ್ಲಿ, ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ದರದ ಕಟ್ಟುಪಾಡಿಲ್ಲದೆ ತರಿಸಿಕೊಳ್ಳಲು ಇದೇ ಸರ್ಕಾರ ಒಪ್ಪಿತ್ತು. ಬೆಳೆಗಾರರ ದೃಷ್ಟಿಯಲ್ಲಿ ಇದು ಅನ್ಯಾಯ. 2017ರ ದೋಕ್ಲಾಮ್ ಬಿಕ್ಕಟ್ಟನ್ನು ಕಂಡ ರಾಜತಾಂತ್ರಿಕನ ದೃಷ್ಟಿಯಲ್ಲಿ, ಚೀನಾದ ಮಗ್ಗುಲಲ್ಲಿರುವ ಪುಟ್ಟ ನೆರೆದೇಶದ ವಿಶ್ವಾಸ ಉಳಿಸಿಕೊಳ್ಳಲು ಇಷ್ಟು ಬೆಲೆ ದುಬಾರಿಯಲ್ಲ ಎನಿಸಬಹುದು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಈ ಇಬ್ಬರು ಒಂದೇ ಸಭೆಯಲ್ಲಿ ಎದುರುಬದುರು ಕೂರುವುದೇ ಇಲ್ಲ. ರಾಜತಾಂತ್ರಿಕ ದೆಹಲಿಯಲ್ಲಿ ‘ನೆರೆಹೊರೆ ಮೊದಲು’ ನೀತಿಯ ಬಗ್ಗೆ ಉಪನ್ಯಾಸ ಕೊಡುತ್ತಾನೆ, ಬೆಳೆಗಾರ ತಹಶೀಲ್ದಾರರ ಕಚೇರಿಯ ಮುಂದೆ ಮನವಿಪತ್ರ ಕೊಡುತ್ತಾನೆ. ದೇಶದ ಹಿತ ಮತ್ತು ಊರಿನ ಹಿತ ಎಲ್ಲಿ ಕೂಡುತ್ತವೆ, ಎಲ್ಲಿ ತಿಕ್ಕಾಡುತ್ತವೆ ಎಂದು ನಾಗರಿಕ ತೂಗಿ ನೋಡಬೇಕಾದರೆ ಎರಡೂ ಮಾತು ಅವನ ಕಿವಿಗೆ ಒಟ್ಟಿಗೆ ಬೀಳಬೇಕು.

ಇಲ್ಲೊಂದು ಸಹಜ ಆಕ್ಷೇಪ ಏಳುತ್ತದೆ. ವಿದೇಶಾಂಗ ವ್ಯವಹಾರ, ಒಪ್ಪಂದಗಳೆಲ್ಲ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿವೆ. ತಾಲ್ಲೂಕು ಕೇಂದ್ರದಲ್ಲಿ ಕುಳಿತು ಅದರ ಬಗ್ಗೆ ಮಾತಾಡಿ ಏನು ಬಂತು ಎಂದು ಕೇಳಬಹುದು. ಅಧಿಕಾರ ಕೇಂದ್ರದ್ದು, ನಿಜ. ಆದರೆ ಕೃಷಿ ರಾಜ್ಯ ಪಟ್ಟಿಯ ವಿಷಯ; ಒಪ್ಪಂದದ ಪೆಟ್ಟು ಬೀಳುವುದು ರಾಜ್ಯದ ರೈತನ ಮೇಲೆ. ನಿರ್ಧಾರದ ಜಾಗ ದೂರವಿದ್ದಷ್ಟೂ ತಿಳಿವಳಿಕೆಯ ಅಗತ್ಯ ಹೆಚ್ಚು. ಜನರ ಮಾತು ದೆಹಲಿಗೆ ಮುಟ್ಟುವುದೇ ಇಲ್ಲ ಎನ್ನುವಂತೆಯೂ ಇಲ್ಲ. 16 ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದ ಮಾತುಕತೆ ವರ್ಷಗಟ್ಟಲೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಮ್ಮ ಡೇರಿಗಳ ಕಥೆ ಮುಗಿಯಿತು ಎಂದು ಹಾಲು ಉತ್ಪಾದಕರು ದೇಶದ ಉದ್ದಗಲಕ್ಕೂ ಎದ್ದರು. ಕರ್ನಾಟಕದ ಹಾಲು ಒಕ್ಕೂಟಗಳೂ ರೈತ ಸಂಘಟನೆಗಳೂ ದನಿಗೂಡಿಸಿದವು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಆ ಒಪ್ಪಂದದಿಂದ ಹೊರಗುಳಿಯಿತು. ಹೊರಗುಳಿದದ್ದಕ್ಕೆ ಹಲವು ಕಾರಣಗಳಿದ್ದವು, ಹಾಲಿನವರ ವಿರೋಧ ಅವುಗಳಲ್ಲಿ ಸಣ್ಣದಲ್ಲ. ಆ ನಿರ್ಧಾರ ಸರಿಯೇ ತಪ್ಪೇ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಹಳ್ಳಿಯ ಡೇರಿಯ ಜಗುಲಿಯಲ್ಲಿ ಕುಳಿತು ಆಡಿದ ಮಾತಿಗೂ ಅಂತರರಾಷ್ಟ್ರೀಯ ಒಪ್ಪಂದಕ್ಕೂ ಸಂಬಂಧವಿದೆ ಎಂಬುದನ್ನಂತೂ ಅದು ತೋರಿಸಿಕೊಟ್ಟಿತು.

ಈ ಕೆಲಸವನ್ನು ಪತ್ರಿಕೆ, ಟಿ.ವಿ. ಮಾಡುತ್ತಿಲ್ಲವೇ ಎಂದರೆ, ಅವುಗಳ ಮಿತಿಯನ್ನು ಒಪ್ಪಿಕೊಳ್ಳಬೇಕು. ಕನ್ನಡ ಮಾಧ್ಯಮಗಳಿಗೆ ವಿದೇಶಗಳಲ್ಲಿ ಪೂರ್ಣಾವಧಿ ವರದಿಗಾರರು ಇಲ್ಲವೆಂಬಷ್ಟು ಕಡಿಮೆ. ಸುದ್ದಿಸಂಸ್ಥೆಗಳು ಕೊಟ್ಟ ಇಂಗ್ಲಿಷ್ ವರದಿ ಸಂಜೆ ಹೊತ್ತಿಗೆ ಡೆಸ್ಕ್‌ನಲ್ಲಿ ಕನ್ನಡಕ್ಕೆ ತಿರುಗಿ ಒಳಪುಟದ ಒಂದೂವರೆ ಕಾಲಮ್ಮಿಗೆ ಇಳಿಯುತ್ತದೆ. ಲಂಡನ್ ಅಥವಾ ವಾಷಿಂಗ್ಟನ್ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ವರದಿಯಲ್ಲಿ ಭಟ್ಕಳದಿಂದ ದುಬೈಗೆ ಹೋದವನ ಕೆಲಸದ ಪರವಾನಗಿ, ಉಡುಪಿಯಿಂದ ಕುವೈತಿಗೆ ಹೋದ ನರ್ಸ್‌ನ ಕರಾರು ಇವೆಲ್ಲ ಬರುವುದಾದರೂ ಹೇಗೆ? ಬಿಬಿಸಿಗೆ ತಮಿಳು, ಹಿಂದಿ ಸೇವೆಗಳು ದಶಕಗಳಿಂದ ಇವೆ. 2017ರಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆಗಳೂ ಆರಂಭವಾದವು. ಕನ್ನಡಕ್ಕೆ ಆ ಭಾಗ್ಯ ಬರಲಿಲ್ಲ. ಹೊರಗಿನವರು ಬಂದು ನಮಗಾಗಿ ಮಾಡಿಕೊಡುವುದಿಲ್ಲ ಎಂದಮೇಲೆ ನಾವೇ ಕಟ್ಟಿಕೊಳ್ಳಬೇಕು. ಪತ್ರಕರ್ತರು ವೇದಿಕೆಗೆ ಬಂದು ಜನರ ಪ್ರಶ್ನೆಗೆ ಸಿಕ್ಕಿದರೆ ಪತ್ರಿಕೋದ್ಯಮಕ್ಕೂ ಲಾಭವಿದೆ. ಗಾಜಾದಲ್ಲಿ ಸತ್ತವರ ಸಂಖ್ಯೆ ಯಾರು ಕೊಟ್ಟದ್ದು, ಗಡಿಯ ಘರ್ಷಣೆಯ ದಿನ ಟಿ.ವಿ.ಯಲ್ಲಿ ತೋರಿಸಿದ ದೃಶ್ಯ ಯಾವ ಕಾಲದ್ದು, ‘ಮೂಲಗಳ ಪ್ರಕಾರ’ ಎಂದರೆ ಯಾರ ಪ್ರಕಾರ ಎಂದು ಓದುಗ ಎದ್ದುನಿಂತು ಕೇಳಿದರೆ, ಮಾರನೆಯ ದಿನ ಡೆಸ್ಕ್‌ನಲ್ಲಿ ಕೂತವರು ಇನ್ನೊಮ್ಮೆ ಪರಿಶೀಲಿಸಿಯೇ ಸುದ್ದಿ ಮುಂದಕ್ಕೆ ಬಿಡುತ್ತಾರೆ.

ಇದು ಹೊಸ ಆಸೆಯೂ ಅಲ್ಲ, ಕೈಗೆಟುಕದ ಆದರ್ಶವೂ ಅಲ್ಲ. ಪಕ್ಕದ ಪುಣೆಯಲ್ಲಿ ಮಹಾದೇವ ಗೋವಿಂದ ರಾನಡೆ 1875ರಲ್ಲಿ ಆರಂಭಿಸಿದ ವಸಂತ ವ್ಯಾಖ್ಯಾನಮಾಲೆ ಬೇಸಿಗೆಯಲ್ಲಿ ಸಾಲು ಸಾಲು ಉಪನ್ಯಾಸ ನಡೆಸುವ ಪದ್ಧತಿಯನ್ನು ಮಹಾರಾಷ್ಟ್ರದ ಊರೂರಿಗೆ ಹಬ್ಬಿಸಿತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆ ಇತ್ತು. ಪ್ರಾಧ್ಯಾಪಕರು ಹಳ್ಳಿ, ಪಟ್ಟಣಗಳಿಗೆ ಹೋಗಿ ವಿಜ್ಞಾನ, ಆರೋಗ್ಯ, ಅರ್ಥಶಾಸ್ತ್ರ, ಚರಿತ್ರೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಹೇಳಿದ್ದು ಬಿಡಿಗಾಸಿನ ಬೆಲೆಯ ಪುಟ್ಟ ಪುಸ್ತಿಕೆಯಾಗಿ ಅಚ್ಚಾಗುತ್ತಿತ್ತು. ಕುವೆಂಪು ಕುಲಪತಿಯಾಗಿದ್ದಾಗ ಪ್ರಸಾರಾಂಗದ ಮೂಲಕ ಈ ಕೆಲಸಕ್ಕೆ ಗಟ್ಟಿ ನೆಲೆ ಸಿಕ್ಕಿತು. ಪತ್ರಕರ್ತರಾಗಿ ಬದುಕು ಆರಂಭಿಸಿದ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು ಪ್ರಜೆಗೆ ರಾಜ್ಯದ ವ್ಯವಹಾರ ತಿಳಿದಿರಬೇಕು ಎಂಬ ಹಟದಿಂದ. 1970ರಲ್ಲಿ ನಾಗರಿಕರು ಸನ್ಮಾನಿಸಿ ಕೊಟ್ಟ ಒಂದು ಲಕ್ಷ ರೂಪಾಯಿಯನ್ನು ಅವರು ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ ಸಭೆ ಕಟ್ಟುತ್ತ ಬಂದಿದೆ, ಹೆಗ್ಗೋಡಿನ ನೀನಾಸಂ ಹಳ್ಳಿಯಲ್ಲೇ ಸಂಸ್ಕೃತಿ ಶಿಬಿರ ನಡೆಸಿ ನಾಡಿನವರನ್ನು ಅಲ್ಲಿಗೆ ಕರೆಸಿಕೊಂಡಿದೆ. ಗಂಭೀರ ಮಾತಿಗೆ ಕನ್ನಡದಲ್ಲಿ ಕೇಳುಗರಿಲ್ಲ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಹಾಗಾದರೆ ಕೇಳುಗರು ಈಗ ಏಕೆ ಬರುವುದಿಲ್ಲ? ನಮ್ಮ ಸಭೆ ನಡೆಯುವ ಕ್ರಮವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ 10.30 ಎಂದಿರುತ್ತದೆ, ಮುಖ್ಯ ಅತಿಥಿ ಬರುವಾಗ ಗಂಟೆ ಹನ್ನೊಂದೂಕಾಲು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಉದ್ಘಾಟನಾ ಭಾಷಣ. ವೇದಿಕೆಯ ಮೇಲೆ ಹನ್ನೆರಡು ಕುರ್ಚಿ, ಹನ್ನೆರಡೂ ಜನರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಪರಿಚಯಿಸುವವರು ಉಪನ್ಯಾಸಕರ ಪದವಿ, ಪ್ರಶಸ್ತಿಗಳ ಪಟ್ಟಿಯನ್ನು ಹತ್ತು ನಿಮಿಷ ಓದುತ್ತಾರೆ. ಉಪನ್ಯಾಸಕರು ಮೈಕಿನ ಮುಂದೆ ಬರುವಾಗ ಒಂದು ಗಂಟೆ. ‘ಸಮಯದ ಅಭಾವವಿದೆ ಸರ್’ ಎಂಬ ಚೀಟಿ ಹಿಂದೆಯೇ ಬರುತ್ತದೆ. ಅಧ್ಯಕ್ಷರು ಅದೇ ಮಾತನ್ನು ತಮ್ಮ ಧಾಟಿಯಲ್ಲಿ ಮತ್ತೆ ಹೇಳುತ್ತಾರೆ. ಪ್ರಶ್ನೋತ್ತರ ಎಂದು ಪತ್ರಿಕೆಯಲ್ಲಿ ಅಚ್ಚಾಗಿದ್ದರೂ ಊಟದ ಹೊತ್ತಾಯಿತೆಂದು ವಂದನಾರ್ಪಣೆಗೆ ಹಾರುತ್ತಾರೆ. ಮನೆಯಿಂದ ಒಂದು ಪ್ರಶ್ನೆ ಹೊತ್ತು ಬಂದವನು ಅದನ್ನು ಹಾಗೆಯೇ ಹೊತ್ತು ಹೋಗುತ್ತಾನೆ, ಮುಂದಿನ ಸಲ ಬರುವುದಿಲ್ಲ. ಜನರಿಗೆ ಆಸಕ್ತಿಯಿಲ್ಲ ಎಂದು ಸಂಘಟಕರು ಆಮೇಲೆ ಕೊರಗುತ್ತಾರೆ. ಸನ್ಮಾನಕ್ಕೆ ಹೋದ ಹೊತ್ತಿನ ಅರ್ಧವನ್ನು ಪ್ರಶ್ನೆಗೆ ಕೊಟ್ಟು ನೋಡಿದರೆ ಆಸಕ್ತಿ ಎಷ್ಟಿದೆ ಎಂದು ಗೊತ್ತಾಗುತ್ತದೆ.

ಯೂಟ್ಯೂಬ್ ಇರುವಾಗ ಸಭೆಯ ಹಂಗೇಕೆ ಎಂಬುದು ಇನ್ನೊಂದು ಆಕ್ಷೇಪ. ಒಳ್ಳೆಯ ಕನ್ನಡದಲ್ಲಿ ಜಗತ್ತಿನ ವಿದ್ಯಮಾನ ವಿವರಿಸುವ ಯುವಕರು ಅಲ್ಲಿದ್ದಾರೆ, ಅವರ ಕೆಲಸವನ್ನು ಹಗುರಾಗಿ ಕಾಣಬಾರದು. ಆದರೆ ಮೊಬೈಲು ಒಬ್ಬೊಬ್ಬರಿಗೂ ಅವರವರು ಈಗಾಗಲೇ ಒಪ್ಪಿದ ಮಾತನ್ನೇ ಮತ್ತೆ ಮತ್ತೆ ಬಡಿಸುತ್ತದೆ. ಅಮೆರಿಕ 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ, ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌–1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ, ನಿಮಿಷಕ್ಕೊಂದು ವಿಡಿಯೊ ಬಂತು. ಕೆಲವು ಅದನ್ನು ಭಾರತದ ಅವಮಾನವೆಂದವು, ಕೆಲವು ಅಮೆರಿಕದ ಪತನವೆಂದವು. ಮಗನನ್ನು ಅಮೆರಿಕಕ್ಕೆ ಕಳಿಸಲು ಸಾಲ ಮಾಡಿದ ದಾವಣಗೆರೆಯ ತಂದೆಗೆ ಬೇಕಿದ್ದದ್ದು, ಈ ಶುಲ್ಕ ಯಾರಿಗೆ ಅನ್ವಯ, ಈಗಾಗಲೇ ವೀಸಾ ಇರುವವರ ಪಾಡೇನು ಎಂಬ ನೇರ ಉತ್ತರ. ಸಭೆಯಲ್ಲಿ ಉಪನ್ಯಾಸಕ ತೇಲಿಸಿ ಮಾತಾಡಿದರೆ ಎದುರಿಗೆ ಕುಳಿತವನು ‘ಅದಲ್ಲ ಸ್ವಾಮಿ, ನಾನು ಕೇಳಿದ್ದು ಬೇರೆ’ ಎನ್ನಬಹುದು. ಪಕ್ಕದಲ್ಲಿ ಕುಳಿತ ಬೇರೆ ಪಕ್ಷದವನ ಪ್ರಶ್ನೆಯನ್ನೂ ಅಲ್ಲಿ ಕೇಳಿಸಿಕೊಳ್ಳಲೇಬೇಕು. ವಿಡಿಯೊದ ಕೆಳಗೆ ಬೈದವನನ್ನು ಕಣ್ಮರೆ ಮಾಡಬಹುದು; ಸಭೆಯಲ್ಲಿ ಎದ್ದುನಿಂತವನನ್ನು ಹಾಗೆ ಮಾಡಲಾಗದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಇಂಥ ವೇದಿಕೆಗಳು ಪಕ್ಷದ ಪ್ರಚಾರಕ್ಕೆ ಸಿಕ್ಕಿಬೀಳುತ್ತವೆ, ಪ್ಯಾಲೆಸ್ಟೀನ್, ಚೀನಾ, ಪಾಕಿಸ್ತಾನದ ಹೆಸರೆತ್ತಿದರೆ ಸಾಕು ಸಭೆ ಒಡೆದು ಎರಡಾಗುತ್ತದೆ ಎಂಬ ಭಯ. ಭಯ ಸುಳ್ಳಲ್ಲ. ಎಡದವರು ತಮ್ಮವರನ್ನು, ಬಲದವರು ತಮ್ಮವರನ್ನು ಕರೆಸಿ ಚಪ್ಪಾಳೆ ತಟ್ಟುವುದೇ ಈಗಿನ ರೂಢಿ. ಅದಕ್ಕೆ ಉಪನ್ಯಾಸ ಎಂದು ಹೆಸರಿಟ್ಟರೂ ಅದು ಸ್ವಪಕ್ಷದ ಸಮಾವೇಶವೇ. ಹಾಗೆಂದು ಮಾತೇ ಬೇಡ ಎಂದರೆ ವಿಷಯವನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಬರೆದುಕೊಟ್ಟಂತೆ. ದಾರಿ ಸರಳವಾಗಿದೆ. ವಿವಾದದ ವಿಷಯಕ್ಕೆ ಭಿನ್ನ ನಿಲುವಿನ ಇಬ್ಬರನ್ನು ಕರೆಯಬೇಕು, ಇಬ್ಬರಿಗೂ ಸಮನಾದ ಸಮಯ ಕೊಡಬೇಕು. ಘಟನೆಗಳ ಕಾಲಕ್ರಮ, ಒಂದು ನಕ್ಷೆ, ಒಪ್ಪಂದಗಳ ಮುಖ್ಯಾಂಶ ಇರುವ ಎರಡು ಹಾಳೆಯ ಟಿಪ್ಪಣಿಯನ್ನು ಮೊದಲೇ ಕೇಳುಗರ ಕೈಗೆ ಕೊಡಬೇಕು. ಪ್ರಶ್ನೆಯನ್ನು ಚೀಟಿಯಲ್ಲಿ ಬರೆಸಿಕೊಂಡು, ಒಂದನ್ನೂ ಬಚ್ಚಿಡದೆ ಓದುವ ನಿಷ್ಠುರ ಅಧ್ಯಕ್ಷರು ಬೇಕು. ಇಷ್ಟಾದ ಮೇಲೂ ಗಲಾಟೆಯಾದರೆ ಆಗಲಿ. ಪ್ರಜಾಪ್ರಭುತ್ವದ ಸಭೆ ಕೊಂಚ ಬಿಸಿಯಾಗುವುದು ರೋಗವಲ್ಲ.

ಮಾತಾಡುವವರು ಎಲ್ಲಿದ್ದಾರೆ ಎಂದು ಕೇಳುವವರು ಸುತ್ತ ನೋಡಬೇಕು. ನಿವೃತ್ತ ರಾಜತಾಂತ್ರಿಕರಲ್ಲಿ ಕನ್ನಡ ಬಲ್ಲವರಿದ್ದಾರೆ. ಜಿಲ್ಲೆಗೊಂದರಂತೆ ಇರುವ ವಿಶ್ವವಿದ್ಯಾಲಯ, ಸ್ನಾತಕೋತ್ತರ ಕೇಂದ್ರಗಳಲ್ಲಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ಅಧ್ಯಾಪಕರಿದ್ದಾರೆ. ಪಠ್ಯದ ಆಚೆ ಮಾತಾಡಿ ಎಂದು ಅವರನ್ನು ಯಾರೂ ಕರೆದಿಲ್ಲ. ಕಾಫಿ ಮಂಡಳಿಯ ಅಧಿಕಾರಿ, ಮಂಗಳೂರು ಬಂದರಿನ ವ್ಯಾಪಾರಿ, ಕೊಲ್ಲಿಯಲ್ಲಿ ಇಪ್ಪತ್ತು ವರ್ಷ ದುಡಿದು ಮರಳಿದ ಕರಾವಳಿಯ ಕೆಲಸಗಾರ ಇದ್ದಾರೆ. ಆಫ್ರಿಕಾದ ಸಂತೆಗಳ ಬಗ್ಗೆ ಹಕ್ಕಿಪಿಕ್ಕಿಯವರಿಗೆ ತಿಳಿದಷ್ಟು ಎಷ್ಟು ಪ್ರಾಧ್ಯಾಪಕರಿಗೆ ತಿಳಿದಿದೆ? ಅವರ ಅನುಭವ ಮತ್ತು ಅಧ್ಯಾಪಕರ ಓದು ಒಂದೇ ವೇದಿಕೆಯಲ್ಲಿ ಕೂಡಿದರೆ ಇಬ್ಬರ ಮಾತಿಗೂ ಬೆಲೆ ಬರುತ್ತದೆ.

ಅಮೆರಿಕದ ಫಾರಿನ್ ಪಾಲಿಸಿ ಅಸೋಸಿಯೇಷನ್ 1954ರಿಂದ ‘ಗ್ರೇಟ್ ಡಿಸಿಷನ್ಸ್’ ಎಂಬ ಕಾರ್ಯಕ್ರಮ ನಡೆಸುತ್ತಿದೆ. ವರ್ಷಕ್ಕೆ ಎಂಟು ವಿಷಯ ಆರಿಸಿ ಪುಸ್ತಕ ತರುತ್ತದೆ. ಊರಿನ ಗ್ರಂಥಾಲಯದಲ್ಲೋ ಯಾರದೋ ಮನೆಯಲ್ಲೋ ಹತ್ತಿಪ್ಪತ್ತು ಜನ ಸೇರಿ ಓದಿ ಚರ್ಚಿಸುತ್ತಾರೆ. ನಮಗೆ ಅದಕ್ಕಿಂತ ದೊಡ್ಡ ಜಾಲ ಸಿದ್ಧವಾಗಿದೆ. ಕನ್ನಡ ಸಾಹಿತ್ಯ ಪರಿಷತ್ತು ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಸಮ್ಮೇಳನ ನಡೆಸುತ್ತದೆ, ಊರೂರಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳಿವೆ, ಸಹಕಾರ ಸಂಘಗಳಿಗೆ ಸ್ವಂತ ಸಭಾಭವನಗಳಿವೆ, ಜಿಲ್ಲೆಗೊಂದು ಪತ್ರಕರ್ತರ ಸಂಘವಿದೆ. ಇವರು ಹೊಸ ಕಟ್ಟಡ ಕಟ್ಟಬೇಕಿಲ್ಲ, ಅನುದಾನಕ್ಕೆ ಕಾಯಬೇಕಿಲ್ಲ. ಪರಿಷತ್ತು ಮುಂದಿನ ಪ್ರತಿ ಜಿಲ್ಲಾ ಸಮ್ಮೇಳನದಲ್ಲಿ ಆ ಜಿಲ್ಲೆಯ ಬದುಕಿಗೆ ತಗಲುವ ಒಂದು ಜಾಗತಿಕ ವಿಷಯದ ಗೋಷ್ಠಿ ಇಡಲಿ. ಪತ್ರಕರ್ತರ ಸಂಘಗಳು ಎರಡು ತಿಂಗಳಿಗೊಂದು ಉಪನ್ಯಾಸ ಏರ್ಪಡಿಸಲಿ. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಆ ಮಾತುಗಳನ್ನು ಮತ್ತೆ ಪುಸ್ತಿಕೆಯಾಗಿ ತರಲಿ. ಉಪನ್ಯಾಸ ನಲವತ್ತು ನಿಮಿಷ, ಪ್ರಶ್ನೆಗೆ ನಲವತ್ತು ನಿಮಿಷ, ಸನ್ಮಾನಕ್ಕೆ ಒಂದು ಪುಸ್ತಕ ಸಾಕು. ಸಂಘಟಕರು ಇಷ್ಟು ಮಾಡಿದರೆ ಓದುಗರ ಮೇಲೂ ಒಂದು ಹೊಣೆಯಿದೆ: ಸಭೆಗೆ ಹೋಗಿ, ಪ್ರಶ್ನೆ ಕೇಳಿ, ಉತ್ತರ ಸಿಗುವವರೆಗೆ ಕುಳಿತುಕೊಳ್ಳಬೇಡಿ.